ಬೀಗರ ಹಾಸಿಗೆ

ಕೊಟ್ಟೂರಿನ ಗೋಣಿಚೀಲದ ಗುರುಸಂಗಪ್ಪನ ಮೂಗಿಗೆ ಐದು ತಾಲ್ಲೂಕಿನಲ್ಲಿ ಹೆಸರಿತ್ತು. ನೋಡುವುದಕ್ಕೆ ಅದೇನು ಅಂಥ ಮೂಗಲ್ಲ; ಕನ್ನಡಕ ಜಾರದಂತೆ ಹಿಡಿದುಕೊಳ್ಳುವಷ್ಟು ಎತ್ತರ, ಅಷ್ಟೆ. ಆದರೆ ಖಾಲಿ ಚೀಲವೊಂದನ್ನು ಅದರ ಮುಂದೆ ಹಿಡಿದರೆ, ಗುರುಸಂಗಪ್ಪ ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು ಆ ಚೀಲದ ಪೂರ್ವಜನ್ಮಗಳನ್ನೆಲ್ಲ ಹೇಳಿಬಿಡುತ್ತಿದ್ದ. ‘ಇದು ಹುಟ್ಟಿದ್ದು ಸಕ್ಕರಿಗೆ. ಆಮ್ಯಾಲ ಶೇಂಗಾ ಕಂಡೈತಿ. ನಡುವ ಯಾರೋ ಒಂದ್ಸಲ ಒಣಮೆಣಸಿನಕಾಯಿ ತುಂಬಿ ಮುಚ್ಚಿಟ್ಟಾರ.’ ಹಡಗಲಿಯಿಂದ ಕೂಡ್ಲಿಗಿಯವರೆಗೆ ಮಿಲ್ಲು, ಅಂಗಡಿ, ಸಂತೆ ಅಲೆದು ಹಳೆಯ ಚೀಲ ಕೊಳ್ಳುವುದು, ಹರಿದಲ್ಲಿ ತೇಪೆ ಹಚ್ಚಿಸುವುದು, ಮತ್ತೆ ಮಾರುವುದು ಅವನ ದಂಧೆ. ಚೀಲ ತಂದವರು ಅವನೆದುರು ಸುಳ್ಳು ಹೇಳುವುದನ್ನೇ ಬಿಟ್ಟಿದ್ದರು. ಬಾಯಿಯ ಜೊತೆ ವಾದ ಮಾಡಬಹುದು, ಮೂಗಿನ ಜೊತೆ ಹೇಗೆ ಮಾಡುವುದು?

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಈ ಮೂಗಿನ ಮೇಲೆ ದಾಳಿಯಾಯಿತು. ದಾಳಿ ಬಂದದ್ದು ಹಿತ್ತಲ ಗೋಡೆಯ ಆಚೆಯಿಂದ.

ಗೋಡೆಯ ಆಚೆ ಸರ್ಕಾರಿ ದವಾಖಾನೆಯ ನರ್ಸ್ ಹುಲುಗಮ್ಮನ ಮನೆ. ಗುರುಸಂಗಪ್ಪನ ಮನೆಯ ಪ್ರತಿಯೊಬ್ಬರ ಸೊಂಟಕ್ಕೂ ಒಮ್ಮೆಯಾದರೂ ಸೂಜಿ ಚುಚ್ಚಿದ ಕೈ ಅವಳದು. ಅವನ ಒಬ್ಬಳೇ ಮಗಳು ಸುಕನ್ಯಾಳನ್ನು ಈ ಲೋಕಕ್ಕೆ ಬರಮಾಡಿಕೊಂಡವಳೂ ಅವಳೇ. ಇಂಥವಳ ಜೊತೆ ಜಗಳ ತೆಗೆಯುವುದು ಸಾಧ್ಯವಿರಲಿಲ್ಲ. ಮುಂದೆ ಇನ್ನೂ ಸೂಜಿಗಳಿರುತ್ತವೆ. ಹುಲುಗಮ್ಮ ಹಿಂದಿನ ವರ್ಷ ಒಂದು ಡಜನ್ ಗಿರಿರಾಜ ಕೋಳಿಮರಿ ತಂದು, ಗೋಡೆಗೆ ಒತ್ತಿದಂತೆ ಗೂಡು ಕಟ್ಟಿಸಿ, ಅದರ ಮುಂದೆ ಅವು ಓಡಾಡಲು ಜಾಲರಿ ಸುತ್ತಿದ ಸಣ್ಣ ಅಂಗಳ ಮಾಡಿದ್ದಳು. ಮರಿಗಳು ಬೆಳೆದವು. ಹನ್ನೊಂದು ಹೇಂಟೆಯಾದವು, ಒಂದು ಹುಂಜವಾಯಿತು.

ಗುರುಸಂಗಪ್ಪನ ಸಂಕಟ ವಾಸನೆಯಿಂದ ಶುರುವಾಗಲಿಲ್ಲ, ಹೆಸರಿನಿಂದಲೇ ಶುರುವಾಯಿತು. ಹುಟ್ಟಿದಾಗಿನಿಂದ ಅವನು ‘ಕೋಳಿ’ ಎಂಬ ಪದವನ್ನು ಬಾಯಲ್ಲಿ ಆಡಿದವನಲ್ಲ. ಅವನ ಅಜ್ಜಿಯ ಕಟ್ಟಳೆ ಹಾಗಿತ್ತು: ಲಿಂಗ ಕಟ್ಟಿದವರು ಆ ಹೆಸರು ಹೇಳಿದರೆ ಬಾಯಿ ಮುಕ್ಕಳಿಸಿದರೆ ಸಾಲದು, ತಲೆಯ ಮೇಲಿಂದ ಸ್ನಾನ ಮಾಡಬೇಕು. ಗುರುಸಂಗಪ್ಪನಿಗೆ ಚಿಕ್ಕಂದಿನಿಂದಲೂ ಭಕ್ತಿಯಿತ್ತು, ಸ್ನಾನದಲ್ಲಿ ಮಾತ್ರ ಅಷ್ಟು ಉತ್ಸಾಹವಿರಲಿಲ್ಲ. ಹಾಗಾಗಿ ಕಟ್ಟಳೆ ಗಟ್ಟಿಯಾಗಿ ಉಳಿಯಿತು. ಶಾಲೆಯಲ್ಲಿ ಕಾಗುಣಿತ ಒಪ್ಪಿಸುವಾಗ ‘ಕೋ’ ಬಂದರೆ ಸಾಕು, ಎಲ್ಲಿ ಮುಂದಕ್ಕೆ ಜಾರೀತೋ ಎಂದು ಕೆಮ್ಮುತ್ತಿದ್ದನಂತೆ.

ಆದರೆ ದಿನ ಬೆಳಗಾದರೆ ಗೋಡೆಯಾಚೆ ಕೂಗುವವರನ್ನು ಏನಾದರೂ ಕರೆಯಲೇಬೇಕಲ್ಲ. ಗುರುಸಂಗಪ್ಪ ಅವಕ್ಕೆ ‘ಬೀಗರು’ ಎಂದು ಹೆಸರಿಟ್ಟ. ಕಾರಣವನ್ನೂ ಕೊಟ್ಟ: ‘ಕುತ್ತಿಗಿ ಎತ್ತಿಕೊಂಡು ಬರ್ತಾರ. ಒಂದ ಕಣ್ಣಿಲೆ ನೋಡ್ತಾರ. ಏನು ಹಾಕಿದ್ರೂ ಕೆದರಿ ಕೆದರಿ ಕೊಂಕು ಹುಡುಕ್ತಾರ.’

ಬೀಗರು ಎಂದಮೇಲೆ ಕ್ರಿಯಾಪದಕ್ಕೂ ಮರ್ಯಾದೆ ಬಂತು. ‘ಬೀಗರು ಬಂದವು’ ಎಂದು ಯಾವ ಕನ್ನಡದ ಬಾಯೂ ಹೇಳುವುದಿಲ್ಲ. ಬೀಗರು ಎದ್ದರು, ಬೀಗರು ಕಾಳು ತಿಂದರು, ಬೀಗರು ನೀರಿನ ಬೋಗುಣಿಯಲ್ಲಿ ಕಾಲಿಟ್ಟರು. ವರ್ಷದೊಳಗೆ ಓಣಿಯವರಿಗೆಲ್ಲ ಈ ಮಾತು ರೂಢಿಯಾಗಿ, ಸಂಜೆ ಹುಲುಗಮ್ಮನೇ ಗೋಡೆಯ ಮೇಲಿಂದ, ‘ಸಾವ್ಕಾರ್ರ, ಬೀಗರೊಬ್ರು ನಿಮ್ಮ ಕಡಿ ಹಾರ್ಯಾರ, ಸ್ವಲ್ಪ ಈ ಕಡಿ ಅಟ್ರಿ’ ಎನ್ನುವ ಹಾಗಾಯಿತು.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಗೂಡಿನ ಮಣ್ಣುನೆಲ ಒದ್ದೆಯಾಯಿತು, ಅಂಗಳ ಕೆಸರಾಯಿತು, ಹಿಕ್ಕೆ ಅದರಲ್ಲಿ ಬೆರೆಯಿತು. ಬೆಳಿಗ್ಗೆ ಪೂಜೆಗೆ ಕುಳಿತ ಗುರುಸಂಗಪ್ಪ ವಿಭೂತಿಯ ಗಟ್ಟಿಯನ್ನು ಮೂಗಿಗೆ ಹಿಡಿದುಕೊಂಡೇ ಮಂತ್ರ ಹೇಳಬೇಕಾಯಿತು. ಸಾಮಾನ್ಯ ಮೂಗಿನವರಿಗೆ ಬರೀ ನಾತ ಬಡಿಯುತ್ತಿತ್ತು. ಅವನಿಗೆ ಯಾವುದು ನಿನ್ನೆಯದು, ಯಾವುದು ಮೊನ್ನೆಯದು ಎಂಬ ವಿವರ ಸಮೇತ ಬಡಿಯುತ್ತಿತ್ತು.

ಸಹಿಸಿಕೊಂಡಿದ್ದನೇನೋ, ಆದರೆ ಸುಕನ್ಯಾಳ ಸಂಬಂಧ ಕುದುರಿದ್ದು ಅದೇ ಹೊತ್ತಿಗೆ. ಹರಪನಹಳ್ಳಿಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ಪಾಲಾಕ್ಷಪ್ಪನ ಮಗ ಗವಿಸಿದ್ದೇಶ್ ವರ. ಅದಕ್ಕೆ ಮೊದಲು ಬಂದ ಮೂವರಲ್ಲಿ ಒಬ್ಬನ ನಗು, ಒಬ್ಬನ ಚಪ್ಪಲಿ, ಒಬ್ಬನ ತಾಯಿ ಸರಿಯಿಲ್ಲವೆಂದು ಬೇಡವೆಂದಿದ್ದ ಸುಕನ್ಯಾ ಈ ಹುಡುಗನನ್ನು ನೋಡಿದ ದಿನ ಒಳಗೆ ಹೋಗಿ, ಯಾರೂ ಕೇಳದಿದ್ದರೂ ತಾನೇ ಎರಡನೆಯ ಸಲ ಚಹಾ ಕಾಸಿದ್ದಳು. ಮನೆಯವರಿಗೆ ಅಷ್ಟು ಸಾಕಾಯಿತು. ಮಳೆ ಕಳೆದ ಮೇಲೆ ಗಂಡಿನ ಕಡೆಯವರು ನಿಶ್ಚಿತಾರ್ಥಕ್ಕೆ ಬರುವವರಿದ್ದರು. ಅವರಿಗೆ ಎಲೆ ಹಾಕುವ ಪಡಸಾಲೆಗೂ ಹುಲುಗಮ್ಮನ ಗೂಡಿಗೂ ನಡುವೆ ಇದ್ದದ್ದು ಹಿತ್ತಲು, ಒಂದು ಗೋಡೆ, ಅಷ್ಟೆ. ಈ ಸಂಬಂಧ ಒಂದು ವಾಸನೆಯಿಂದ ತಪ್ಪಿಹೋದರೆ ತನ್ನ ಮೂಗಿಗೆ ಅದಕ್ಕಿಂತ ಅವಮಾನವಿಲ್ಲವೆಂದು ಗುರುಸಂಗಪ್ಪನಿಗೆ ಅನಿಸಿತು. ಹರಪನಹಳ್ಳಿಯವರು ಬರುವುದರೊಳಗೆ ಬೀಗರಿಗೆ ಒಳ್ಳೆಯ ಹಾಸಿಗೆ ಹಾಸಬೇಕೆಂದು ಪಣತೊಟ್ಟ.

ಅವನ ಹೆಂಡತಿ ಎರ್ರಮ್ಮ ಮೊದಲ ದಿನವೇ ಭತ್ತದ ಹೊಟ್ಟು ಹಾಸಿರೆಂದು ಹೇಳಿದಳು. ಅವಳ ತವರು ನದಿಯ ಬದಿಯ ಹಂಪಸಾಗರ; ಅಲ್ಲಿ ಎಲ್ಲರೂ ಅದನ್ನೇ ಹಾಸುತ್ತಾರೆ ಎಂದಳು. ತವರಿನ ಹೆಸರು ಬಂದದ್ದರಿಂದ ಆ ಸಲಹೆ ಅಲ್ಲಿಗೆ ಸತ್ತಿತು. ಹಂಪಸಾಗರದವರಿಗೆ ಹೊಟ್ಟು ಬಿಟ್ಟು ಬೇರೇನು ಗೊತ್ತು ಎಂದುಬಿಟ್ಟ ಗುರುಸಂಗಪ್ಪ. ಎರ್ರಮ್ಮ ಮಾತನ್ನು ಮರೆಯುವ ಹೆಂಗಸಲ್ಲ.

ಮೊದಲ ದಂಡಯಾತ್ರೆ ಕಟ್ಟಿಗೆ ಅಡ್ಡೆಗೆ ಹೋಯಿತು. ಬೇವು, ಜಾಲಿ ಕೊಯ್ದು ಬಿದ್ದ ಪುಡಿಯನ್ನು ಚೀಲಗಟ್ಟಲೆ ತಂದು ಗೂಡಿನೊಳಗೆ ಸುರಿಸಿದ. ಎಂಥ ಪರಿಮಳ ಎಂದು ಗೋಡೆಗೆ ಮೂಗಿಟ್ಟು ಹಿಗ್ಗಿದ. ಬೀಗರಿಗೂ ಹಿಗ್ಗಾಯಿತು. ಅಷ್ಟು ನುಣ್ಣಗೆ ಬೀಸಿದ ಆಹಾರವನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ. ಮರುದಿನ ಹುಲುಗಮ್ಮ ಗೋಡೆಯ ಮೇಲೆ ಕಾಣಿಸಿಕೊಂಡಳು.

‘ಸಾವ್ಕಾರ್ರ, ನಿಮ್ಮ ಬೀಗರು ಹಾಸಿಗೀನ ಊಟ ಮಾಡ್ಯಾರ. ಹೊಟ್ಟಿ ಕಲ್ಲಾಗೈತಿ. ಈಗ ಇವರಿಗೆ ಎನಿಮಾ ಕೊಡೋರು ನೀವೋ, ನಾನೋ?’

ಎರಡನೆಯ ದಂಡಯಾತ್ರೆ ಶೇಂಗಾ ಮಿಲ್ಲಿಗೆ. ಇದು ಅವನ ಸ್ವಂತ ರಾಜ್ಯ; ಶೇಂಗಾ ಚೀಲಗಳಿಂದಲೇ ಮನೆ ಕಟ್ಟಿದವನು. ಶೇಂಗಾ ಹೊಟ್ಟು ಹಗುರ, ಒಣಗಿರುತ್ತದೆ, ಕಾಲಿಗೆ ಮೆತ್ತಗೆ ಎಂದು ಓಣಿಗೆಲ್ಲ ಭಾಷಣ ಮಾಡಿ ಗೂಡಿಗೂ ಅಂಗಳಕ್ಕೂ ಮೊಳಕಾಲೆತ್ತರ ಹಾಸಿಸಿದ. ಆದರೆ ಯಂತ್ರ ಎಷ್ಟೇ ಚೆನ್ನಾಗಿ ಒಡೆದರೂ ಸಿಪ್ಪೆಯಲ್ಲಿ ಅಲ್ಲೊಂದು ಇಲ್ಲೊಂದು ಬೀಜ ಉಳಿದೇ ಉಳಿಯುತ್ತದೆ. ಬೀಗರಿಗೆ ಮೊದಲ ಬೀಜ ಸಿಕ್ಕ ಕ್ಷಣದಿಂದ ಕೆಲಸ ಶುರುವಾಯಿತು. ಹನ್ನೆರಡು ಜೊತೆ ಕಾಲುಗಳು ಹಗಲೆಲ್ಲ ಕೆದರಿದವು. ಹೊಟ್ಟು ಜಾಲರಿ ದಾಟಿತು, ಗೋಡೆ ದಾಟಿತು, ಗುರುಸಂಗಪ್ಪನ ಪೂಜೆಯ ಹೂವಿನ ಗಿಡಗಳ ಮೇಲೆ ಮಳೆಯಾಗಿ ಬಿತ್ತು. ಉಳಿದದ್ದು ನಿಜವಾದ ಮಳೆಗೆ ನೆನೆದು ಬೂಷ್ಟು ಹಿಡಿಯಿತು. ಈಗ ವಾಸನೆ ಹಳೆಯದೊಂದು, ಹೊಸದೊಂದು, ಎರಡಾದವು.

ಮೂರನೆಯ ಉಪಾಯ ಅವನಿಗೆ ಹೊಳೆದದ್ದು ಸಂಜೆ ಮಿರ್ಚಿ ಮಂಡಕ್ಕಿ ತಿನ್ನುವಾಗ. ಮಂಡಕ್ಕಿ ಹುರಿಯುವುದು ಕಾದ ಮರಳಿನಲ್ಲಿ. ಭಟ್ಟಿಯ ಮರಳು ವರ್ಷವಿಡೀ ಕಾದು ಕಾದು ತೇವವೆಂಬುದನ್ನೇ ಮರೆತಿರುತ್ತದೆ. ಅಂಥ ಮರಳಿನ ಮೇಲೆ ಯಾವ ವಾಸನೆ ನಿಂತೀತು? ಭಟ್ಟಿ ಯಾರದ್ದಿದೆ? ಹರಪನಹಳ್ಳಿಯಲ್ಲಿ ಪಾಲಾಕ್ಷಪ್ಪನದೇ ಇದೆ. ಗುರುಸಂಗಪ್ಪ ತಿನ್ನುತ್ತಿದ್ದ ಮಿರ್ಚಿಯನ್ನು ಅರ್ಧಕ್ಕೇ ಬಿಟ್ಟು ಎಸ್‌ಟಿಡಿ ಬೂತಿಗೆ ನಡೆದ.

ಇಲ್ಲಿ ಒಂದು ಮಾತು ಹೇಳಬೇಕು. ಗುರುಸಂಗಪ್ಪನ ತಲೆಯಲ್ಲಿ ‘ಬೀಗರು’ ಎಂಬ ಹುದ್ದೆ ಆಗಲೇ ಭರ್ತಿಯಾಗಿತ್ತು. ಪಾಲಾಕ್ಷಪ್ಪನನ್ನು ಅವನು ಮನೆಯಲ್ಲಿ ‘ಹರಪನಹಳ್ಳಿಯವರು’ ಎನ್ನುತ್ತಿದ್ದ. ಆ ಪದಕ್ಕೆ ಇನ್ನೊಂದು ಅರ್ಥವಿದೆ ಎಂಬುದು ಬೂತಿನ ಗಾಜಿನ ಬಾಗಿಲು ಮುಚ್ಚಿಕೊಂಡ ಆ ಗಳಿಗೆಯಲ್ಲಿ ಅವನಿಗೆ ನಿಜಕ್ಕೂ ನೆನಪಿರಲಿಲ್ಲ.

ಹರಪನಹಳ್ಳಿಯ ಭಟ್ಟಿಯಲ್ಲಿ ಫೋನು ಎತ್ತಿದವನು ಗುಮಾಸ್ತ ಯರ್ರೆಪ್ಪ. ಭಟ್ಟಿಯ ಪಟಪಟ ಸದ್ದಿನಲ್ಲಿ ಮೂವತ್ತು ವರ್ಷ ಕಳೆದು ಅವನ ಕಿವಿ ಅರ್ಧ ಹೋಗಿತ್ತು. ಕೇಳಿದ್ದು ಸರಿಯೋ ತಪ್ಪೋ ಎಂದು ಖಾತ್ರಿ ಮಾಡಿಕೊಳ್ಳಲು ಪ್ರತಿ ಮಾತನ್ನೂ ಗಟ್ಟಿಯಾಗಿ ಮರಳಿ ಹೇಳುವುದು ಅವನ ಪದ್ಧತಿ. ಪಕ್ಕದ ಗಾದಿಯ ಮೇಲೆ ಪಾಲಾಕ್ಷಪ್ಪ ಕಾಲು ಚಾಚಿ ಕುಳಿತಿದ್ದ.

‘ಕೊಟ್ಟೂರಿಂದನಾ? ಗುರುಸಂಗಪ್ಪೋರಾ? ಹೇಳ್ರಿ. ಬೀಗರ ವಿಷಯನಾ?’

ಪಾಲಾಕ್ಷಪ್ಪ ಕಾಲು ಮಡಿಚಿ, ಅಂಗಿ ಸರಿಮಾಡಿಕೊಂಡು ನಗುಮುಖ ಮಾಡಿದ.

‘ಬೀಗರು ನಾರ್ತಾರಾ?’

ನಗುಮುಖ ಅಲ್ಲೇ ನಿಂತಿತು.

‘ಮಳಿಗಾಲದಾಗ ಭಾಳ ನಾರ್ತಾರಾ? ಕಟ್ಟಿಗಿ ಪುಡಿ ಹಾಸಿದ್ರ ತಿಂದುಬಿಟ್ರಾ? ಶೇಂಗಾ ಹೊಟ್ಟು ಹಾಸಿದ್ರ ಕಾಲಿಲೆ ಕೆದರಿ ಗೋಡಿ ಆಚಿಗೆ ಒಗದ್ರಾ? ಏನಂದ್ರಿ? ರಾತ್ರಿ ಒಳಗ ಹಾಕಿ ಬೀಗ ಜಡಿತೀರಾ? ಬೀಗರಿಗಾ?’ ಯರ್ರೆಪ್ಪ ಒಮ್ಮೆ ಯಜಮಾನನ ಮುಖ ನೋಡಿ, ಮತ್ತೆ ಫೋನಿಗೆ ತಿರುಗಿದ. ‘ಆತು, ಕೇಳ್ತೀನ್ರಿ. ಎರಡು ಚೀಲ ಭಟ್ಟಿ ಮರಳು, ಬೀಗರ ಕೆಳಗ ಹಾಸಾಕ.’

ಮರುದಿನ ಬೆಳಿಗ್ಗೆಯ ಬಸ್ಸಿಗೆ ಮರಳು ಬರಲಿಲ್ಲ. ಪಾಲಾಕ್ಷಪ್ಪ ಬಂದ.

ಗುರುಸಂಗಪ್ಪ ಸಂಭ್ರಮದಿಂದ ಎದ್ದು ಕಾಲಿಗೆ ನೀರು ಕೊಟ್ಟ, ಕುಡಿಯಲು ತಂಬಿಗೆ ಮುಂದಿಟ್ಟ. ಪಾಲಾಕ್ಷಪ್ಪ ತಂಬಿಗೆಯನ್ನು ಮುಟ್ಟಲಿಲ್ಲ. ‘ನೀರು ಆಮ್ಯಾಲೆ ಕುಡಿಯಾಣ. ಮೊದ್ಲು ನಮಗೆ ಹಾಸಿದ ಹಾಸಿಗೆ ತೋರಿಸ್ರಿ’ ಎಂದ.

ಇದೆಂಥ ಹೊಸ ಸಂಪ್ರದಾಯವೋ ಎಂದುಕೊಂಡ ಗುರುಸಂಗಪ್ಪ ಅವನನ್ನು ಒಳಕೋಣೆಗೆ ಕರೆದೊಯ್ದು, ನಿಶ್ಚಿತಾರ್ಥಕ್ಕೆಂದು ಹೊಸದಾಗಿ ಹತ್ತಿ ತುಂಬಿಸಿದ ಹಾಸಿಗೆ ತೋರಿಸಿದ. ಪಾಲಾಕ್ಷಪ್ಪ ಬಗ್ಗಿ ಅದನ್ನು ಒತ್ತಿ ನೋಡಿದ.

‘ಇದಲ್ಲ. ಮರಳಿಂದು.’

ಆಗ ಗುರುಸಂಗಪ್ಪನಿಗೆ ನಿನ್ನೆಯ ಫೋನಿನ ಮಾತುಗಳೆಲ್ಲ ಒಂದೊಂದಾಗಿ ಮರಳಿ ಬಂದವು. ನಾರುತ್ತಾರೆ ಎಂಬುದು ಬಂತು. ಬೀಗ ಜಡಿಯುತ್ತೇವೆ ಎಂಬುದು ಬಂತು. ಪಡಸಾಲೆಗೆ ಬಂದು ಕುಳಿತುಕೊಳ್ಳುವಷ್ಟರಲ್ಲಿ ಒಳಬಾಗಿಲ ಹತ್ತಿರ ಎರ್ರಮ್ಮ, ಅವಳ ಹಿಂದೆ ಸುಕನ್ಯಾ ಬಂದು ನಿಂತಿದ್ದರು. ಸುಕನ್ಯಾಳ ಮುಖ ಸುಣ್ಣದಂತಾಗಿತ್ತು.

‘ಆ ಬೀಗರು ನೀವಲ್ರಿ ಯಜಮಾನ್ರ’ ಎಂದ ಗುರುಸಂಗಪ್ಪ. ‘ಅವರು ಬ್ಯಾರೆ.’

‘ಬ್ಯಾರೆ ಬೀಗರು ಅದಾರಾ?’

‘ಅದಾರ್ರಿ. ಹನ್ನೆರಡು ಮಂದಿ.’

‘ಹನ್ನೆರಡು ಮಂದಿ’ ಎಂದ ಪಾಲಾಕ್ಷಪ್ಪ ನಿಧಾನವಾಗಿ. ‘ಇರೋ ಒಬ್ಬ ಮಗಳಿಗೆ.’

‘ಮಗಳಿಗಲ್ರಿ. ಅವರು ಹಿತ್ತಲ ಕಡಿ ಇರ್ತಾರ. ಗಂಡಸು ಒಬ್ಬನ, ಉಳದೋರೆಲ್ಲ ಹೆಂಗಸರು.’

ಪಾಲಾಕ್ಷಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ಹೊರಡುವ ಮುಂಚಿನ ಟವಲು ಅದು, ಯಾರು ನೋಡಿದರೂ ಗೊತ್ತಾಗುವಂಥದು. ಗುರುಸಂಗಪ್ಪ ಅವನ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದ. ಗೋಡೆಯ ಮೇಲಿಂದ ಇಣುಕಿದರೆ ಅಂಗಳ ಖಾಲಿ. ಮಳೆ ಬರುವಂತಿದ್ದುದರಿಂದ ಹುಲುಗಮ್ಮ ಡ್ಯೂಟಿಗೆ ಹೋಗುವಾಗ ಎಲ್ಲರನ್ನೂ ಗೂಡಿಗೆ ಹಾಕಿ, ಬೀಗ ಜಡಿದು, ಗೂಡಿಗೆ ಗೋಣಿತಾಟು ಹೊದಿಸಿ ಹೋಗಿದ್ದಳು. ಹೊರಗಿನಿಂದ ಅದು ಗೂಡಿನಂತೆ ಕಾಣುತ್ತಲೇ ಇರಲಿಲ್ಲ. ಗೋಣಿಚೀಲದ ಒಂದು ಗುಡ್ಡೆ, ಅಷ್ಟೆ. ದಿನಾ ಕೂಗಿ ಕೂಗಿ ಓಣಿಯ ನಿದ್ದೆ ಕೆಡಿಸುತ್ತಿದ್ದ ಹುಂಜ ಕತ್ತಲಾಯಿತೆಂದು ತಿಳಿದು ಒಳಗೆ ಮಲಗಿತ್ತು. ಅದು ಅವತ್ತು ತುಟಿ ಪಿಟಕ್ಕೆನ್ನಲಿಲ್ಲ. ತುಟಿಯೇ ಇಲ್ಲದ್ದು ಇನ್ನೇನು ಅಂದೀತು?

‘ಒಳಗ ಅದಾರ’ ಎಂದ ಗುರುಸಂಗಪ್ಪ ಆ ಗುಡ್ಡೆಯ ಕಡೆ ಬೆರಳು ಮಾಡಿ.

‘ಚೀಲದ ಕೆಳಗಾ?’ ಎಂದ ಪಾಲಾಕ್ಷಪ್ಪ. ಈಗ ಅವನ ದನಿಯಲ್ಲಿ ಸಿಟ್ಟಿಗಿಂತ ಸ್ವಲ್ಪ ಹೆದರಿಕೆಯಿತ್ತು.

ಗುರುಸಂಗಪ್ಪ ಪದಗಳಿಗಾಗಿ ತಡಕಾಡಿದ. ಎರಡು ಕಾಲಿನವರು ಎಂದ. ಅದರಿಂದ ಏನೂ ತಿಳಿಯಲಿಲ್ಲ. ತಲೆಯ ಮೇಲೆ ಕೆಂಪಗಿರುತ್ತದೆ ಎಂದ. ಪಾಲಾಕ್ಷಪ್ಪ ತನ್ನ ಕೆಂಪು ರುಮಾಲನ್ನು ಮುಟ್ಟಿ ನೋಡಿಕೊಂಡ. ಕೊನೆಗೆ ಐವತ್ತೈದು ದಾಟಿದ ಆ ಮರ್ಯಾದಸ್ಥ ಎರಡೂ ಮೊಳಕೈ ಮಡಿಚಿ ಬಡಿದು, ಕುತ್ತಿಗೆಯನ್ನು ಮುಂದಕ್ಕೂ ಹಿಂದಕ್ಕೂ ಆಡಿಸಿ, ಹಿತ್ತಲಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸಿದ. ಪಾಲಾಕ್ಷಪ್ಪನಿಗೆ ಕುತ್ತಿಗೆ ಆಡಿಸುವ ಅಭ್ಯಾಸವಿತ್ತು. ತನ್ನನ್ನೇ ಅಣಕಿಸುತ್ತಿದ್ದಾನೆಂದು ತಿಳಿದು ಬಾಗಿಲ ಕಡೆ ತಿರುಗಿದ.

ಗುರುಸಂಗಪ್ಪ ಹೆಂಡತಿಯ ಕಡೆ ನೋಡಿದ, ಜೀವಮಾನದಲ್ಲಿ ಮೊದಲ ಸಲ ದೈನ್ಯದಿಂದ. ‘ನೀನರ ಹೇಳ.’

‘ಹಂಪಸಾಗರದವರಿಗೆ ಏನು ಗೊತ್ತೈತ್ರಿ?’ ಎಂದಳು ಎರ್ರಮ್ಮ. ‘ನೀವ ಇಟ್ಟ ಹೆಸರು, ನೀವ ಬಿಡಸ್ರಿ.’

ಪಾಲಾಕ್ಷಪ್ಪ ಹೊಸ್ತಿಲ ಹತ್ತಿರ ಬಗ್ಗಿ ಚಪ್ಪಲಿ ಹುಡುಕುತ್ತಿದ್ದ. ಆಗ ಒಳಬಾಗಿಲಿನಿಂದ ಸುಕನ್ಯಾಳ ದನಿ ಬಂತು.

‘ಅಪ್ಪಾ, ಅಂದುಬಿಡು. ನೀರು ಕಾಸಾಕ ಇಟ್ಟೀನಿ.’

ಗುರುಸಂಗಪ್ಪ ಮಗಳನ್ನು ನೋಡಿದ. ಅಜ್ಜಿಯನ್ನು ನೆನೆದ. ಒಂದು ಕೈಯಿಂದ ಕೊರಳಲ್ಲಿದ್ದ ಲಿಂಗವನ್ನು ಮುಚ್ಚಿಕೊಂಡ, ಅದಕ್ಕೆ ಕೇಳಿಸದಿರಲಿ ಎಂಬಂತೆ. ‘ಕೋ’ ಎಂದ. ಕೆಮ್ಮಿದ. ಮತ್ತೆ ‘ಕೋ’ ಎಂದ. ಐದು ದಶಕಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಎರಡನೆಯ ಅಕ್ಷರವನ್ನು ಕಣ್ಣು ಮುಚ್ಚಿ ಹೊರಗೆ ತಳ್ಳಿದ.

‘ಕೋಳಿ. ಬೀಗರಂದ್ರ ಕೋಳಿ.’

ಹಾಗೆಂದವನೇ ಯಾರ ಮುಖವನ್ನೂ ನೋಡದೆ, ಬೀಗನನ್ನು ಹೊಸ್ತಿಲಲ್ಲೇ ಬಿಟ್ಟು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ಅವನು ತಲೆ ಒರೆಸಿಕೊಳ್ಳುತ್ತ, ಸಂಬಂಧ ಉಳಿಯಿತೋ ಹೋಯಿತೋ ಎಂದು ತಿಳಿಯದೆ ಹೊರಗೆ ಬಂದಾಗ ಪಡಸಾಲೆ ಖಾಲಿಯಿತ್ತು. ಆದರೆ ತಂಬಿಗೆಯೂ ಖಾಲಿಯಾಗಿತ್ತು. ಹಿತ್ತಲಿನಿಂದ ಮಾತು ಕೇಳಿಸಿತು. ಪಾಲಾಕ್ಷಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು ಗೋಡೆಯ ಮೇಲೆ ಎದೆಯೂರಿದ್ದ. ಡ್ಯೂಟಿಯ ನಡುವೆ ಮನೆಗೆ ಬಂದ ಹುಲುಗಮ್ಮ ಗೂಡು ತೆಗೆದಿದ್ದಳು. ಹನ್ನೆರಡು ಮಂದಿ ಬೀಗರೂ ಸಾಲಾಗಿ ಅಂಗಳಕ್ಕಿಳಿದು, ಒಂದೊಂದು ಕಣ್ಣಿನಿಂದ ಹೊಸ ಬೀಗನನ್ನು ನೋಡುತ್ತಿದ್ದರು.

‘ನಮ್ಮ ಭಟ್ಟಿ ಮರಳು ಹಾಕಿದ್ರೆ ಕೆಡ್ತಿತ್ತು’ ಎಂದು ಪಾಲಾಕ್ಷಪ್ಪ ಹೇಳುತ್ತಿದ್ದ. ಮಂಡಕ್ಕಿ ಅಕ್ಕಿಗೆ ಉಪ್ಪು ಹಚ್ಚಿ ಹುರಿಯುತ್ತಾರೆ, ಆ ಉಪ್ಪೆಲ್ಲ ಮರಳಿಗೆ ಹತ್ತಿರುತ್ತದೆ. ಅದನ್ನು ಕುಕ್ಕಿದರೆ ದಾಹ ಹತ್ತಿ ನೀರು ಕುಡಿದು ಕುಡಿದು ಭೇದಿಯಾಗುತ್ತದೆ. ಉಪ್ಪುಮರಳು ಮಳೆಗಾಲದಲ್ಲಿ ತೇವವನ್ನೂ ಎಳೆಯುತ್ತದೆ. ಇದೆಲ್ಲ ಅವನಿಗೆ ಗೊತ್ತಾದದ್ದು ಅವನ ಭಟ್ಟಿಯ ಹಿಂದಿನ ಮನೆಯವರು ತಮ್ಮ ಗೂಡಿಗೆ ಅದನ್ನೇ ಹಾಸಿ ಪಟ್ಟ ಪಾಡಿನಿಂದ. ಗೂಡಿಗೆ ನಾಲ್ಕು ಬೆರಳು ದಪ್ಪ ಭತ್ತದ ಹೊಟ್ಟು ಹಾಸಬೇಕು, ಎರಡು ದಿನಕ್ಕೊಮ್ಮೆ ತಿರುವಬೇಕು, ನೆನೆದು ಗಂಟಾದದ್ದನ್ನು ಎತ್ತಿ ಹಾಕಬೇಕು. ಅಂಗಳಕ್ಕೆ ಹಗರಿಹಳ್ಳದ ತೊಳೆದ ಮರಳು, ಮೂಲೆಯಲ್ಲಿ ಹೊರಳಾಡಲು ಒಂದಿಷ್ಟು ಬೂದಿ. ಭಟ್ಟಿಯ ಒಲೆಗೆಂದು ತಾನು ತರಿಸುವ ಹೊಟ್ಟಿನಲ್ಲೇ ನಾಲ್ಕು ಚೀಲ ಕಳಿಸುತ್ತೇನೆ ಎಂದ.

‘ಎಲ್ಲಿ ಹೊಟ್ಟು ತರಿಸ್ತೀರಿ ಅಣ್ಣಾರ?’ ಎಂದು ಎರ್ರಮ್ಮ ಬಲು ಮೃದುವಾಗಿ ಕೇಳಿದಳು.

‘ಹಂಪಸಾಗರ ಮಿಲ್ಲಿಂದು. ಅದಕ್ಕಿಂತ ಒಣಾ ಹೊಟ್ಟು ಇನ್ನೆಲ್ಲೂ ಸಿಗಾಂಗಿಲ್ಲ.’

ಎರ್ರಮ್ಮ ಗಂಡನ ಕಡೆ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

ಗುರುಸಂಗಪ್ಪ ಒದ್ದೆ ತಲೆಯಲ್ಲೇ ಹತ್ತಿರ ಬಂದು ತಪ್ಪಾಯಿತೆಂದ. ಪಾಲಾಕ್ಷಪ್ಪ ಸುತ್ತ ನೋಡಿ, ದನಿ ತಗ್ಗಿಸಿ, ತಾನೂ ಆ ಹೆಸರನ್ನು ಬಾಯಲ್ಲಿ ಆಡುವವನಲ್ಲವೆಂದ. ಅವನ ಮನೆಯಲ್ಲೂ ಅಜ್ಜಿಯೊಬ್ಬಳು ಇದ್ದಳು.

‘ಮತ್ತ ಭಟ್ಟಿ ಹಿಂದಿನ ಮನಿ ಗೂಡಿನಾಗ ಇರೋವನ್ನ ಏನಂತೀರಿ?’ ಎಂದ ಗುರುಸಂಗಪ್ಪ.

‘ಅಳಿಯಂದ್ರು ಅಂತೀವಿ’ ಎಂದ ಮೂರು ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕೊಟ್ಟಿದ್ದ ಪಾಲಾಕ್ಷಪ್ಪ. ‘ಎಷ್ಟು ಹಾಕಿದ್ರೂ ಸಾಲಂಗಿಲ್ಲ. ಎದ್ದ ಕೂಡ್ಲೆ ಕೂಗ್ತಾರೆ.’

ಹೊಟ್ಟು ಬಂತು. ಹಾಸಿದರು. ನಿಶ್ಚಿತಾರ್ಥದ ದಿನ ಪಡಸಾಲೆಯಲ್ಲಿ ಹೋಳಿಗೆಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಖುದ್ದು ಗುರುಸಂಗಪ್ಪನೇ ಗೋಡೆಯುದ್ದಕ್ಕೂ ಮೂಗು ಆಡಿಸಿ ಖಾತ್ರಿ ಮಾಡಿಕೊಂಡಿದ್ದ. ಮದುವೆಯೂ ಆಯಿತು. ಗೋಡೆಯಾಚೆಯವರ ಹಾಸಿಗೆಯ ಮೇಲ್ವಿಚಾರಣೆಯನ್ನು ಮಾತ್ರ ಅವನು ಕೊನೆಯವರೆಗೂ ಬಿಡಲಿಲ್ಲ. ಚೀಲ ಕೊಳ್ಳಲು ಊರೂರು ಹೋದಾಗ ಹಿತ್ತಲುಗಳಲ್ಲಿ ಇಣುಕಿ, ಚಿಗಟೇರಿಯಲ್ಲಿ ತೆಳುವಾಯಿತೆಂದೂ ಬಾಗಳಿಯಲ್ಲಿ ತಿರುವಿಲ್ಲವೆಂದೂ ತೀರ್ಪು ಕೊಡುತ್ತಿದ್ದ. ಮೊಟ್ಟೆಯನ್ನು ಒಮ್ಮೆಯೂ ಮುಟ್ಟದ ಈ ಮನುಷ್ಯನ ಬಳಿ ಕೋಳಿ ಸಾಕುವವರು ಸಲಹೆ ಕೇಳಲು ಬರುತ್ತಿದ್ದರು. ಅವರೇ ಆ ಪದ ಹೇಳಬೇಕಿತ್ತು. ಅವನು ಎರಡನೆಯ ಸಲ ಹೇಳಲಿಲ್ಲ.

‘ಬೀಗರು’ ಎಂಬ ಹೆಸರನ್ನಂತೂ ಇನ್ನು ಬಳಸುವಂತಿರಲಿಲ್ಲ, ಅದಕ್ಕೆ ಈಗ ನಿಜವಾದ ಹಕ್ಕುದಾರರಿದ್ದರು. ಹಾಗಾಗಿ ಪಾಲಾಕ್ಷಪ್ಪ ಹೇಳಿದ ಹೆಸರನ್ನೇ ಕೊಟ್ಟೂರಿಗೂ ತಂದುಕೊಂಡ.

ಮದುವೆಯ ನಂತರದ ಮೊದಲ ಹಬ್ಬಕ್ಕೆ ಗವಿಸಿದ್ದೇಶ್ ಮಾವನ ಮನೆಗೆ ಬಂದು ಉಳಿದ. ಬೆಳಕು ಹರಿಯುವ ಹೊತ್ತಿಗೆ ಎಚ್ಚರವಾದಾಗ ಹಿತ್ತಲಿನಿಂದ ಮಾವನ ದನಿ ಕೇಳಿಸಿತು.

‘ನರ್ಸಮ್ಮಾ, ಅಳಿಯಂದಿರು ಎದ್ರೇನು?’

‘ಈಗ ಎದ್ರು ಸಾವ್ಕಾರ್ರ.’

‘ಹೊರಗ ಅಟ್ಟು. ಹಾಸಿಗಿ ನೆಂದೈತೇನ ನೋಡು. ರಾತ್ರಿ ಗಬ್ಬೆಬ್ಬಿಸ್ಯಾರ.’

ಅಪ್ಪನ ಬಾಯಲ್ಲಿ ಕೇಳಿದ್ದ ಹೆಸರು ನಿದ್ದೆಗಣ್ಣಿನಲ್ಲಿ ನೆನಪಾಗದೆ ಗವಿಸಿದ್ದೇಶ್ ದಿಗ್ಗನೆ ಎದ್ದು ಕುಳಿತು ತನ್ನ ಹಾಸಿಗೆಯನ್ನು ಮುಟ್ಟಿ ನೋಡಿಕೊಂಡ. ಪಕ್ಕದಲ್ಲಿ ಸುಕನ್ಯಾ ತಲೆದಿಂಬನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.